ಎಲೆಕ್ಟ್ರಿಕ್ ಗಾಡಿಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಯಾಕೆ? ತಲಪಾಡಿಯ ಆಚೆ ಈಚೆಯೇ ಬೇರೆ ಬೇರೆ!

ಉಪ್ಪಳದವ
ಎಲ್ಲರಿಗೂ ನಮಸ್ಕಾರ. ಕೆಲಸ ಮಂಗಳೂರಿನಲ್ಲಿ, ಮನೆ ತಲಪಾಡಿ ಗಡಿಯ ಈಚೆ ಕೇರಳದ ಉಪ್ಪಳದಲ್ಲಿ. ಹಳೇ ಪೆಟ್ರೋಲ್ ಕಾರು ಕೊಟ್ಟು ಎಲೆಕ್ಟ್ರಿಕ್ ತಗೊಳ್ಳುವ ಯೋಚನೆ ಇದೆ. ಪೆಟ್ರೋಲ್ ವಿಷಯದಲ್ಲಿ ನಮ್ಮ ಕಡೆಯವರೆಲ್ಲ ಜಾಣರೇ. ತಲಪಾಡಿ ದಾಟಿದ ಮೇಲೆ ಟ್ಯಾಂಕ್ ತುಂಬಿಸುತ್ತೇವೆ, ಲೀಟರಿಗೆ ನಾಲ್ಕೈದು ರೂಪಾಯಿ ಉಳಿಯುತ್ತದೆ. ಎಲೆಕ್ಟ್ರಿಕ್ ಆದರೆ ಈ ಗೋಳು ಇರುವುದಿಲ್ಲ ಅಂತ ಇದ್ದೆ. ಆದರೆ ಅಲ್ಲೂ ಗಡಿ ಇದೆ. ಕೇರಳ 2025ರ ಬಜೆಟ್‌ನಲ್ಲಿ 15 ಲಕ್ಷದವರೆಗಿನ ಎಲೆಕ್ಟ್ರಿಕ್ ಕಾರಿಗೆ ಶೇ. 5, 20 ಲಕ್ಷದವರೆಗೆ ಶೇ. 8, ಅದರ ಮೇಲಿನದ್ದಕ್ಕೆ ಶೇ. 10 ರಸ್ತೆ ತೆರಿಗೆ ಅಂದಿತು. ಕರ್ನಾಟಕ ಮೊದಲೆಲ್ಲ ಏನೂ ತಗೊಳ್ಳುತ್ತಿರಲಿಲ್ಲ, 2024ರಲ್ಲಿ 25 ಲಕ್ಷ ದಾಟಿದ ಕಾರಿಗೆ ಶೇ. 10 ಹಾಕಿತು.

ಇದನ್ನು ನೋಡುತ್ತಾ ಬೇರೆ ದೇಶಗಳದ್ದೂ ಓದಿದೆ. ತಲೆ ಕೆಟ್ಟಿತು. ನಾರ್ವೆಯಲ್ಲಿ ಪೆಟ್ರೋಲ್ ಕಾರು ಕೇಳುವವರೇ ಇಲ್ಲ. ಅಮೆರಿಕ ಕೊಡುತ್ತಿದ್ದ ಸಬ್ಸಿಡಿ ನಿಲ್ಲಿಸಿತು. ಇಥಿಯೋಪಿಯಾ ಪೆಟ್ರೋಲ್ ಕಾರನ್ನು ಒಳಗೇ ಬಿಡುವುದಿಲ್ಲವಂತೆ! ಹೊಗೆ ಎಲ್ಲರಿಗೂ ಒಂದೇ. ಕಾನೂನು ಮಾತ್ರ ಯಾಕೆ ಹೀಗೆ? ಗೊತ್ತಿದ್ದವರು ಹೇಳಿ. ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ, ಮಂಗಳೂರಿನಲ್ಲೇ ತಗೊಂಡು ಇಲ್ಲಿ ಓಡಿಸಿದರೆ ಏನಾದೀತು?

ಪೈವಳಿಕೆ ಭಾವ
ಏನಾದೀತು, ಮಂಜೇಶ್ವರದಲ್ಲಿ ಹಿಡಿದು ನಿಲ್ಲಿಸಿಯಾರು. 😀 ದೊಡ್ಡ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೊಗೆ ನೋಡಿ ಯಾವ ಸರ್ಕಾರವೂ ಕಾನೂನು ಮಾಡುವುದಿಲ್ಲ. ಖಜಾನೆ ನೋಡಿ ಮಾಡುತ್ತದೆ.

ಬದಿಯಡ್ಕ ಟು ಬರ್ಗೆನ್
ನಾನು ನಾರ್ವೆಯಲ್ಲಿ ಇರುವವಳು, ಊರು ಬದಿಯಡ್ಕದ ಹತ್ತಿರ. ಭಾವ ಹೇಳಿದ್ದು ಪೂರ್ತಿ ತಪ್ಪಲ್ಲ, ಆದರೆ ಇಲ್ಲಿಯ ಕಥೆ ಸ್ವಲ್ಪ ಬೇರೆ.

ಇದು ಮೊನ್ನೆ ಮೊನ್ನೆ ಶುರುವಾದದ್ದಲ್ಲ. 1989ರಲ್ಲಿ ಇಲ್ಲಿಯ ಪರಿಸರ ಸಂಘಟನೆಯವರೊಬ್ಬರು ಮತ್ತು ಆ-ಹಾ ಅನ್ನುವ ಪಾಪ್ ಬ್ಯಾಂಡಿನವರು ಎಲೆಕ್ಟ್ರಿಕ್ ಮಾಡಿಸಿದ ಒಂದು ಹಳೇ ಫಿಯೆಟ್ ಪಾಂಡಾ ತಂದು ಓಸ್ಲೋದಲ್ಲಿ ಟೋಲ್ ಕೊಡದೆ ಓಡಿಸಿದರು. ದಂಡ ಬಿತ್ತು, ಕಟ್ಟಲಿಲ್ಲ. ಸರ್ಕಾರ ಕಾರು ಜಪ್ತಿ ಮಾಡಿ ಹರಾಜಿಗಿಟ್ಟಿತು. ಇವರೇ ಹೋಗಿ ಚಿಲ್ಲರೆ ದುಡ್ಡಿಗೆ ಬಿಡಿಸಿಕೊಂಡು ಬಂದು ಮತ್ತೆ ಓಡಿಸಿದರು! ಮುಂದೆ ಒಂದೊಂದೇ ರಿಯಾಯಿತಿ ಬಂತು. 1990ರಲ್ಲಿ ನೋಂದಣಿ ತೆರಿಗೆ ಬಿಟ್ಟರು. ಟೋಲ್ ಬಿಟ್ಟರು. 2001ರಲ್ಲಿ ಶೇ. 25ರ ವ್ಯಾಟ್ ಬಿಟ್ಟರು. ಬಸ್ಸಿನ ಲೇನ್‌ನಲ್ಲಿ ಹೋಗಲು ಬಿಟ್ಟರು.

ಒಂದು ವಿಷಯ ಗಮನಿಸಿ. ಇಲ್ಲಿ ಎಲೆಕ್ಟ್ರಿಕ್ ಕಾರಿಗೆ ದುಡ್ಡು ಕೊಡಲಿಲ್ಲ, ಪೆಟ್ರೋಲ್ ಕಾರಿಗೆ ಹಾಕುವ ತೆರಿಗೆ ಹಾಕಲಿಲ್ಲ, ಅಷ್ಟೇ. ಪೆಟ್ರೋಲ್ ಕಾರಿಗೆ ತೂಕ ನೋಡಿ, ಹೊಗೆ ನೋಡಿ ತೆರಿಗೆ, ಅದರ ಮೇಲೆ ವ್ಯಾಟ್. ಆ ತೆರಿಗೆ ಮೊದಲೇ ಅಷ್ಟು ಜಾಸ್ತಿ ಇದ್ದದ್ದರಿಂದ ಬಿಟ್ಟಾಗ ಎರಡೂ ಕಾರು ಒಂದೇ ಬೆಲೆಗೆ ಬಂದವು. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 89ರಷ್ಟು ಪೂರ್ತಿ ಎಲೆಕ್ಟ್ರಿಕ್. ಪೆಟ್ರೋಲ್ ಕಾರನ್ನು ನಿಷೇಧ ಮಾಡಿದ ಕಾನೂನು ಮಾತ್ರ ಇಲ್ಲವೇ ಇಲ್ಲ.

ಈಗ ಒಂದೊಂದೇ ವಾಪಸ್ ತಗೊಳ್ಳುತ್ತಿದ್ದಾರೆ. 2023ರಲ್ಲಿ 5 ಲಕ್ಷ ಕ್ರೋನರ್ ಮೇಲಿನ ಭಾಗಕ್ಕೆ ವ್ಯಾಟ್ ಬಂತು, ಅಂದರೆ ಆಗ ನಮ್ಮ 40 ಲಕ್ಷ ರೂಪಾಯಿ ದಾಟಿದ್ದಕ್ಕೆ. 2026ರಲ್ಲಿ ಆ ಮಿತಿಯನ್ನು 3 ಲಕ್ಷ ಕ್ರೋನರ್‌ಗೆ ಇಳಿಸಿದರು. ಟೋಲ್ ಕೂಡ ಶುರುವಾಗಿದೆ, ಪೆಟ್ರೋಲ್ ಕಾರಿಗಿಂತ ಕಡಿಮೆ. ಆದರೆ ಯಾವುದೂ ರಾತ್ರೋರಾತ್ರಿ ಬರಲಿಲ್ಲ. ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಇನ್ನೊಂದು ಕಾನೂನು. ಫ್ಲಾಟಿನವರು ಪಾರ್ಕಿಂಗ್‌ನಲ್ಲಿ ಚಾರ್ಜರ್ ಬೇಕು ಅಂದರೆ ಸಂಘದವರು ಸುಮ್ನೆ ಆಗುವುದಿಲ್ಲ ಅನ್ನುವ ಹಾಗಿಲ್ಲ, ಸರಿಯಾದ ಕಾರಣ ಕೊಡಬೇಕು. ಮಂಗಳೂರಿನ ಫ್ಲಾಟುಗಳಲ್ಲಿ ಇರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಪೈವಳಿಕೆ ಭಾವ
ಅಲ್ಲ ತಂಗಿ, ಆ ದೇಶದವರು ಸಮುದ್ರದಿಂದ ಪೆಟ್ರೋಲ್ ತೆಗೆದು ಊರಿಗೆಲ್ಲ ಮಾರಿ ಆ ದುಡ್ಡಿನಲ್ಲಿ ತಾವು ಎಲೆಕ್ಟ್ರಿಕ್ ಓಡಿಸುವುದು. ಅದನ್ನೂ ಹೇಳಬೇಕಲ್ವಾ?

ಬದಿಯಡ್ಕ ಟು ಬರ್ಗೆನ್
ಹೇಳಲೇಬೇಕು ಭಾವ. ತೆರಿಗೆ ಬಿಟ್ಟರೂ ಬದುಕುವಷ್ಟು ಎಣ್ಣೆಯ ದುಡ್ಡು ಈ ಸರ್ಕಾರದ ಹತ್ತಿರ ಇದೆ. ಕರೆಂಟ್ ಹೆಚ್ಚುಕಮ್ಮಿ ಎಲ್ಲಾ ಜಲವಿದ್ಯುತ್, ಕಲ್ಲಿದ್ದಲು ಇಲ್ಲ. ಕಾಪಾಡಿಕೊಳ್ಳಬೇಕಾದ ಕಾರು ಕಾರ್ಖಾನೆಯೂ ಇಲ್ಲ. ಅದಕ್ಕೇ ಚೀನಾ ಕಾರುಗಳಿಗೆ ಯುರೋಪಿಯನ್ ಯೂನಿಯನ್ ಹೆಚ್ಚುವರಿ ಸುಂಕ ಹಾಕಿದಾಗ ನಾರ್ವೆ ಹಾಕಲಿಲ್ಲ. ನಾರ್ವೆಯನ್ನು ಎಲ್ಲರಿಗೂ ಮಾದರಿ ಅಂತ ತೋರಿಸುವವರು ಈ ಮೂರನ್ನೂ ಬಿಟ್ಟು ಹೇಳುತ್ತಾರೆ.

ಮುಳ್ಳೇರಿಯದ ಮಾಷ್ಟ್ರು
ಒಳ್ಳೆ ಚರ್ಚೆ. ಉಪ್ಪಳದವರೇ, ನೀವು ಕೇಳಿದ್ದಕ್ಕೆ ನಾನು ಹೀಗೆ ಉತ್ತರ ಕೊಡುತ್ತೇನೆ. ಒಂದು ದೇಶದ ಎಲೆಕ್ಟ್ರಿಕ್ ನೀತಿ ಅರ್ಥ ಆಗಬೇಕಾದರೆ ಆ ದೇಶ ಏನನ್ನು ಹೊರಗಿನಿಂದ ತರುತ್ತದೆ, ಏನನ್ನು ಮಾರುತ್ತದೆ ಅಂತ ಮೊದಲು ನೋಡಬೇಕು.

ಇಥಿಯೋಪಿಯಾ ತಗೊಳ್ಳಿ. 2024ರ ಆರಂಭದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಮದು ನಿಲ್ಲಿಸಿತು. ಅಲ್ಲಿ ಅರ್ಧದಷ್ಟು ಜನರ ಮನೆಗೆ ಇನ್ನೂ ಸರಿಯಾಗಿ ಕರೆಂಟಿಲ್ಲ. ಹುಚ್ಚುತನ ಅನ್ನಿಸುತ್ತದೆ, ಅಲ್ವಾ? ಆದರೆ ಆ ದೇಶಕ್ಕೆ ಎಣ್ಣೆ ತರಿಸಲು ಡಾಲರ್ ಇಲ್ಲ. ನೀಲಿ ನೈಲ್ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟಿನಿಂದ ಕರೆಂಟ್ ಇದೆ. ಹಾಗಾಗಿ ಇದು ಡಾಲರ್ ಉಳಿಸುವ ಕಾನೂನು.

ನೇಪಾಳವೂ ಅದೇ ದಾರಿ, ಸ್ವಲ್ಪ ಮೆತ್ತಗೆ. 2015ರಲ್ಲಿ ಭಾರತದ ಕಡೆಯ ಗಡಿ ಬಂದ್ ಆಗಿ ತಿಂಗಳುಗಟ್ಟಲೆ ಪೆಟ್ರೋಲ್, ಗ್ಯಾಸ್ ಸಿಗದೆ ಒದ್ದಾಡಿದ ನೆನಪು ಅವರಿಗೆ ಇದೆ. ನದಿಗಳಿಂದ ಕರೆಂಟ್ ಬೇಕಾದಷ್ಟಿದೆ. ಪೆಟ್ರೋಲ್ ಕಾರಿಗೆ ಅಲ್ಲಿ ಕಾರಿನ ಬೆಲೆಗಿಂತ ತೆರಿಗೆಯೇ ಜಾಸ್ತಿ. ಎಲೆಕ್ಟ್ರಿಕ್‌ಗೆ ಮೋಟಾರಿನ ಕಿಲೋವ್ಯಾಟ್ ನೋಡಿ ಸುಂಕ, ಸಣ್ಣ ಮೋಟಾರಿಗೆ ತುಂಬ ಕಡಿಮೆ. ಈಗ ಅಲ್ಲಿಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್. ಬಡ ದೇಶಕ್ಕೆ ಇದೆಲ್ಲ ಆಗುವುದಲ್ಲ ಅನ್ನುವವರು ಒಮ್ಮೆ ಕಾಠ್ಮಂಡುವಿನ ರಸ್ತೆ ನೋಡಬೇಕು.

ಚೀನಾದ್ದು ಬೇರೆಯೇ ಆಟ. ಅವರಿಗೆ ಬೇಕಾದದ್ದು ಕಾರ್ಖಾನೆ. 2009ರಲ್ಲಿ ಕೆಲವು ನಗರಗಳ ಬಸ್ಸು, ಟ್ಯಾಕ್ಸಿಗಳಿಗೆ ಸಬ್ಸಿಡಿ ಕೊಟ್ಟು ಶುರು ಮಾಡಿದರು, ಆಮೇಲೆ ಎಲ್ಲರಿಗೂ ಕೊಟ್ಟರು. ನಡುವೆ ಮೋಸವೂ ಆಯಿತು, ಬಸ್ಸು ಮಾಡದೆ ಸಬ್ಸಿಡಿ ಹೊಡೆದವರನ್ನು 2016ರಲ್ಲಿ ಹಿಡಿದರು. ವರ್ಷದಿಂದ ವರ್ಷಕ್ಕೆ ಇಳಿಸುತ್ತಾ 2022ರ ಕೊನೆಗೆ ಕೇಂದ್ರದ ಸಬ್ಸಿಡಿ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಕಂಪನಿಗಳಿಗೆ ಅಂಕದ ವ್ಯವಸ್ಥೆ ಬಂದಿತ್ತು: ಇಷ್ಟು ಎಲೆಕ್ಟ್ರಿಕ್ ಮಾಡಬೇಕು, ಇಲ್ಲದಿದ್ದರೆ ಮಾಡಿದವರಿಂದ ಅಂಕ ಕೊಂಡುಕೊಳ್ಳಬೇಕು. ಮತ್ತೊಂದು, ಶಾಂಘೈಯಲ್ಲಿ ಪೆಟ್ರೋಲ್ ಕಾರಿನ ನಂಬರ್ ಪ್ಲೇಟನ್ನು ಹರಾಜಿನಲ್ಲಿ ತಗೊಳ್ಳಬೇಕು. ಬರೀ ಪ್ಲೇಟಿಗೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಕಾರಿನ ದುಡ್ಡು ಹೋಗುತ್ತದೆ. ಬೀಜಿಂಗ್‌ನಲ್ಲಿ ಲಾಟರಿ, ವರ್ಷಗಟ್ಟಲೆ ಕಾದವರಿದ್ದಾರೆ. ಎಲೆಕ್ಟ್ರಿಕ್ ಆದರೆ ಶಾಂಘೈಯಲ್ಲಿ ಪ್ಲೇಟ್ ಪುಕ್ಕಟೆ. ಯಾವ ಸಬ್ಸಿಡಿಗಿಂತಲೂ ಈ ಪ್ಲೇಟ್ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಭಿಪ್ರಾಯ.

ದುಬೈ ರಿಟರ್ನ್
ಮಾಷ್ಟ್ರೇ, ಗಲ್ಫ್ ಬಿಟ್ಟಿರಲ್ಲ. ದುಬೈಯಲ್ಲಿ 2021ರ ಕೊನೆವರೆಗೆ, ನೋಂದಣಿ ಮಾಡಿದ ಖಾಸಗಿ ಎಲೆಕ್ಟ್ರಿಕ್ ಕಾರಿಗೆ ಸಾರ್ವಜನಿಕ ಚಾರ್ಜರ್‌ನಲ್ಲಿ ಪುಕ್ಕಟೆ ಕರೆಂಟ್ ಇತ್ತು. ಆದರೂ ನಾನಿದ್ದ ಬಿಲ್ಡಿಂಗ್‌ನಲ್ಲಿ ಒಬ್ಬನೇ ಒಬ್ಬ ತಗೊಂಡಿದ್ದ. ಪೆಟ್ರೋಲ್ ಅಗ್ಗ ಇರುವ ಊರಲ್ಲಿ ಯಾರಿಗೆ ಬೇಕು?

ಕುಂಬಳೆ ರಿಕ್ಷಾ
ದೊಡ್ಡವರ ಕಾರಿನ ಮಾತು ಓದಿದೆ. ನನ್ನದು ಕರೆಂಟಿನ ರಿಕ್ಷಾ. ಕುಂಬಳೆ ಸ್ಟ್ಯಾಂಡಿನಲ್ಲಿ ಓಡಿಸುತ್ತೇನೆ.

ಕೇರಳ ಸರ್ಕಾರ ಇ-ರಿಕ್ಷಾಕ್ಕೆ 30 ಸಾವಿರದವರೆಗೆ ಸಬ್ಸಿಡಿ ಇಟ್ಟಿತ್ತು, ಕೇಂದ್ರದ್ದು ಬೆಲೆಯಲ್ಲೇ ಕಳೆದು ಬರುತ್ತಿತ್ತು. ಒಳ್ಳೇದೇ. ಆದರೆ ನನಗೆ ಹೊಡೆತ ಬಿದ್ದದ್ದು ಬಡ್ಡಿಯಲ್ಲಿ. ಡೀಸೆಲ್ ರಿಕ್ಷಾಕ್ಕೆ ಸಾಲ ಕೊಡುವಾಗ ಇಲ್ಲದ ಪ್ರಶ್ನೆಗಳೆಲ್ಲ ಫೈನಾನ್ಸಿನವರಿಗೆ ಬಂದವು. ಬ್ಯಾಟರಿ ಎಷ್ಟು ವರ್ಷ ಬರುತ್ತದೆ? ಜಪ್ತಿ ಮಾಡಿದರೆ ಯಾರು ತಗೊಳ್ಳುತ್ತಾರೆ? ಕೊನೆಗೆ ಬಡ್ಡಿ ಜಾಸ್ತಿ ಹಾಕಿ ಕೊಟ್ಟರು. ಕಂತಿನಲ್ಲಿ ಲೆಕ್ಕ ಹಾಕಿದರೆ ಸಬ್ಸಿಡಿಯ ದುಡ್ಡು ಅಲ್ಲೇ ಕರಗಿತು.

ಓಡಿಸುವ ಖರ್ಚು ಮಾತ್ರ ನಿಜವಾಗಿ ಕಡಿಮೆ, ಅದರಲ್ಲಿ ಸುಳ್ಳಿಲ್ಲ. ಚಾರ್ಜ್ ಮಾಡುವುದು ಮನೆಯಲ್ಲೇ. ಮೀಟರ್ ಬೋರ್ಡಿನ ಕೆಳಗೆ ದಪ್ಪ ಪ್ಲಗ್ ಒಂದು ಹಾಕಿಸಿದ್ದೇನೆ, ಮೇಲಿಂದ ಎರಚಲು ಬೀಳದ ಹಾಗೆ ತಗಡಿನ ಮರೆ. ಆಟಿ ತಿಂಗಳಲ್ಲಿ ಗಾಳಿ ಬಂದು ಲೈನಿನ ಮೇಲೆ ಮರ ಬಿದ್ದರೆ ರಾತ್ರಿಯಿಡೀ ಕರೆಂಟಿಲ್ಲ. ಬೆಳಿಗ್ಗೆ ಮೀಟರಿನಲ್ಲಿ ಎರಡೇ ಗೆರೆ. ಅಂಥ ದಿನ ಇಲ್ಲೇ ಹತ್ತಿರದ ಅನಂತಪುರ ದೇವಸ್ಥಾನದ ಬಾಡಿಗೆ ಬಂದರೂ ಬಿಡಬೇಕು, ಆ ಏರು ಹತ್ತಿ ವಾಪಸ್ ಬರುವಷ್ಟು ಧೈರ್ಯ ಸಾಲುವುದಿಲ್ಲ. ರಸ್ತೆ ಬದಿಯ ಕಂಬದಲ್ಲಿ ಪೆಟ್ಟಿಗೆ ಇಟ್ಟು ರಿಕ್ಷಾದವರಿಗೆ ಚಾರ್ಜ್ ಮಾಡಲು ಬಿಟ್ಟದ್ದು ಕೇರಳದ ಒಳ್ಳೆ ಯೋಚನೆ. ಆದರೆ ಫೋನಿನಲ್ಲಿ ಆ್ಯಪ್ ಹಾಕಿ, ದುಡ್ಡು ತುಂಬಿಸಿ, ಕೋಡ್ ಸ್ಕ್ಯಾನ್ ಮಾಡಿ ಅಲ್ಲೇ ಗಂಟೆಗಟ್ಟಲೆ ನಿಂತರೆ ಸ್ಟ್ಯಾಂಡಿನ ಪಾಳಿ ಹೋಗುತ್ತದೆ.

ಬಡ್ಡಿ ಕಡಿಮೆ ಮಾಡಿದ ದೇಶ ಯಾವುದಾದರೂ ಇದೆಯಾ?

ಬದಿಯಡ್ಕ ಟು ಬರ್ಗೆನ್
ಅಣ್ಣ, ಬಡ್ಡಿ ಅಂತಲ್ಲ, ಆದರೆ ಫ್ರಾನ್ಸ್ ಒಂದು ಕೆಲಸ ಮಾಡಿತು. 2024ರ ಮೊದಲಲ್ಲಿ ಆದಾಯ ಕಡಿಮೆ ಇದ್ದು ಕೆಲಸಕ್ಕೆ ದೂರ ಓಡಾಡುವವರಿಗೆ ತಿಂಗಳಿಗೆ 100 ಯೂರೋ ಆಸುಪಾಸಿನ ಬಾಡಿಗೆಗೆ ಎಲೆಕ್ಟ್ರಿಕ್ ಕಾರು ಕೊಟ್ಟರು. ಸಾಲವೂ ಬೇಡ, ಬ್ಯಾಟರಿ ಚಿಂತೆಯೂ ಬೇಡ. ಜನ ಮುಗಿಬಿದ್ದರು. ಒಂದೂವರೆ ತಿಂಗಳಿಗೇ 50 ಸಾವಿರ ಅರ್ಜಿ ಆಗಿ ಆ ವರ್ಷದ ಬಾಗಿಲು ಹಾಕಬೇಕಾಯಿತು. ಉಳಿದ ದೇಶಗಳಲ್ಲಿ ಹೆಚ್ಚಾಗಿ ಸಬ್ಸಿಡಿ ಹೋಗುವುದು ಮನೆಯಲ್ಲಿ ಎರಡನೇ ಕಾರು ತಗೊಳ್ಳುವವರಿಗೇ.

ಮುಳ್ಳೇರಿಯದ ಮಾಷ್ಟ್ರು
ನಮ್ಮಲ್ಲೂ ಹಾಗೇ ಆಯಿತು. 2019ರಲ್ಲಿ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಗಾಡಿಯ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ತಂದಿತು. 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗೆ. ಆದಾಯ ತೆರಿಗೆಯೇ ಇಲ್ಲದ ರಿಕ್ಷಾದವರಿಗೆ ಅದರಿಂದ ನಯಾಪೈಸೆ ಪ್ರಯೋಜನ ಇಲ್ಲ.

ಹೊಸೂರು ಶಿಫ್ಟ್
ನಾನು ಹೊಸೂರಿನವ, ತಮಿಳುನಾಡಿನ ಕನ್ನಡಿಗ. ಇಲ್ಲಿಯ ಒಂದು ಸ್ಕೂಟರ್ ಕಾರ್ಖಾನೆಯಲ್ಲಿ ಕೆಲಸ. ಯಾವುದು ಅಂತ ಕೇಳಬೇಡಿ. ನಮ್ಮ ಊರಲ್ಲಿ, ಪಕ್ಕದ ಕೃಷ್ಣಗಿರಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಮಾಡುವವರು ಒಬ್ಬಿಬ್ಬರಲ್ಲ. ಕರ್ನಾಟಕ 2017ರಲ್ಲೇ ಎಲೆಕ್ಟ್ರಿಕ್ ನೀತಿ ತಂದ ಮೊದಲ ರಾಜ್ಯ. ಆದರೂ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಗಳು ಗಡಿ ದಾಟಿ ಈಚೆ ಕಾರ್ಖಾನೆ ಹಾಕಿದವು. ಜಾಗ, ರಿಯಾಯಿತಿ, ಬಿಡಿಭಾಗ ಮಾಡುವವರು ಎಲ್ಲ ಇಲ್ಲೇ ಸಿಕ್ಕಿದರು.

ಸರ್ಕಾರ ಒಂದು ಸಾಲು ಬದಲಿಸಿದರೆ ನಮಗೆ ಏನಾಗುತ್ತದೆ ಅಂತ 2023ರಲ್ಲಿ ನೋಡಿದೆ. ಕೇಂದ್ರದ ಫೇಮ್ ಅನ್ನುವ ಸಬ್ಸಿಡಿ ಯೋಜನೆಯ ಎರಡನೇ ಹಂತದಲ್ಲಿ ಸ್ಕೂಟರಿನ ಬ್ಯಾಟರಿ ಹಿಡಿಯುವ ಒಂದೊಂದು ಕಿಲೋವ್ಯಾಟ್-ಅವರ್ (ಒಂದು ಯೂನಿಟ್) ಕರೆಂಟಿಗೆ 15 ಸಾವಿರ, ಬೆಲೆಯ ಶೇ. 40ರವರೆಗೆ ಸಿಗುತ್ತಿತ್ತು. ಜೂನ್ 1ರಿಂದ 10 ಸಾವಿರ, ಶೇ. 15 ಮಿತಿ. ಮೇ ತಿಂಗಳಲ್ಲಿ ದೇಶದಲ್ಲಿ ಲಕ್ಷಕ್ಕೂ ಮೇಲೆ ಸ್ಕೂಟರ್ ನೋಂದಣಿ ಆಗಿತ್ತು. ಜೂನ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಮೇಯಲ್ಲಿ ಊಟಕ್ಕೂ ಬಿಡುವಿರಲಿಲ್ಲ. ಜೂನ್‌ನಲ್ಲಿ ಕಾಂಟ್ರಾಕ್ಟಿನ ಹುಡುಗರು ಗೇಟಿನ ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದರು, ಒಳಗೆ ಕರೆಯಲಿಲ್ಲ.

ಅದಕ್ಕೂ ಮೊದಲೇ ಇನ್ನೊಂದು ಗಲಾಟೆ. ಬಿಡಿಭಾಗ ಇಲ್ಲೇ ಮಾಡಬೇಕು ಅನ್ನುವ ಷರತ್ತು ಮುರಿದಿರಿ, ಸಬ್ಸಿಡಿ ವಾಪಸ್ ಕೊಡಿ ಅಂತ ಕೆಲವು ಕಂಪನಿಗಳಿಗೆ ನೋಟಿಸ್ ಬಂತು. ಇನ್ನು ಕೆಲವರು ಸಬ್ಸಿಡಿಗೆ ಇಟ್ಟ ಬೆಲೆಯ ಮಿತಿಯೊಳಗೆ ತೋರಿಸಲು ಚಾರ್ಜರಿಗೆ ಬೇರೆ ಬಿಲ್ ಮಾಡಿದ್ದರು, ಗ್ರಾಹಕರಿಗೆ ಆ ದುಡ್ಡು ಹಿಂದೆ ಕೊಡಬೇಕಾಯಿತು. 2024ರಲ್ಲಿ ಅದರ ಜಾಗಕ್ಕೆ ಬಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸ್ಕೂಟರಿಗೆ ಮೊದಲು ಒಂದು ಕಿಲೋವ್ಯಾಟ್-ಅವರ್‌ಗೆ 5 ಸಾವಿರ ಇತ್ತು, 2025ರಲ್ಲಿ ಅದರ ಅರ್ಧ. ಇಳಿಸುತ್ತೇವೆ ಅಂತ ಮೊದಲೇ ಹೇಳಿ ಇಳಿಸಿದರು, ಅದು ವಾಸಿ.

ಉಪ್ಪಳದವ
ಸಬ್ಸಿಡಿ ನಿಂತಾಗ ಬೇರೆ ಕಡೆಯೂ ಹೀಗೇ ಬೀಳುತ್ತದಾ?

ಮುಳ್ಳೇರಿಯದ ಮಾಷ್ಟ್ರು
ಜರ್ಮನಿ ನೋಡಿ. 2023ರ ನವೆಂಬರ್‌ನಲ್ಲಿ ಅಲ್ಲಿಯ ಸಂವಿಧಾನ ಕೋರ್ಟು 6,000 ಕೋಟಿ ಯೂರೋದ ಒಂದು ಬಜೆಟ್ ಲೆಕ್ಕವನ್ನು ತಪ್ಪು ಅಂದಿತು. ಸರ್ಕಾರದ ಕೈ ಖಾಲಿ. ಡಿಸೆಂಬರ್ 16, ಶನಿವಾರ. ನಾಳೆಗೆ ಸಬ್ಸಿಡಿ ಅರ್ಜಿ ಕೊನೆ ಅಂತ ಘೋಷಣೆ ಮಾಡಿದರು! ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾಯುತ್ತಿದ್ದವರು ಬಾಯಿ ಬಾಯಿ ಬಿಟ್ಟರು. 2024ರಲ್ಲಿ ಎಲೆಕ್ಟ್ರಿಕ್ ಕಾರಿನ ಮಾರಾಟ ಶೇ. 27 ಬಿತ್ತು. ಚೀನಾ ಹಂತ ಹಂತವಾಗಿ ಇಳಿಸಿದಾಗ ಹಾಗೆ ಬೀಳಲಿಲ್ಲ.

ಅಮೆರಿಕದಲ್ಲಿ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಕೊಡುವ ಕಾನೂನು 2022ರದ್ದು, ಹತ್ತು ವರ್ಷ ಇರಬೇಕಿತ್ತು. ಅಧ್ಯಕ್ಷರು ಬದಲಾದರು, ಕಾನೂನೂ ಬದಲಾಯಿತು. ಸೆಪ್ಟೆಂಬರ್‌ನಲ್ಲಿ ಶೋರೂಮಿಗೆ ಜನ ನುಗ್ಗಿದರು, ಅಕ್ಟೋಬರ್‌ನಲ್ಲಿ ಖಾಲಿ.

ನನಗೆ ಕೇಳಿದರೆ ಸಬ್ಸಿಡಿ ಎಷ್ಟು ಅನ್ನುವುದಕ್ಕಿಂತ ಯಾವಾಗ ನಿಲ್ಲುತ್ತದೆ ಅಂತ ಮೊದಲೇ ಬರೆದಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಬ್ರಿಟನ್ ಆ ಮಟ್ಟಿಗೆ ವಾಸಿ. ಕಂಪನಿಗಳು ಮಾರುವ ಕಾರಿನಲ್ಲಿ ಎಲೆಕ್ಟ್ರಿಕ್ 2024ಕ್ಕೆ ಶೇ. 22, 2025ಕ್ಕೆ ಶೇ. 28, 2030ಕ್ಕೆ ಶೇ. 80 ಇರಬೇಕು ಅಂತ ಬರೆದಿಟ್ಟಿತು. ನಡುವೆ ಸ್ವಲ್ಪ ಸಡಿಲ ಮಾಡಿದರೂ ಗುರಿ ಹಾಗೇ ಇದೆ.

ಪೈವಳಿಕೆ ಭಾವ
ಚೀನಾ ಕಾರು ಅಷ್ಟು ಅಗ್ಗ ಅಂತೀರಿ. ಮತ್ತೆ ಯಾಕೆ ನಮಗೆ ಸಿಗುವುದಿಲ್ಲ? ನನ್ನ ಅಡಕೆಗೆ ಆಮದು ಸುಂಕ ಬೇಕು ಅಂತ ನಾನೂ ಕೂಗುತ್ತೇನೆ, ಅದು ಬೇರೆ ಮಾತು!

ಹೊಸೂರು ಶಿಫ್ಟ್
ಭಾವ, ನೀವು ಕೂಗುವ ಹಾಗೆಯೇ ಕಾರು ಮಾಡುವವರೂ ಕೂಗುತ್ತಾರೆ. ಅಮೆರಿಕ 2024ರಲ್ಲಿ ಚೀನಾದ ಎಲೆಕ್ಟ್ರಿಕ್ ಕಾರಿಗೆ ಶೇ. 100 ಸುಂಕ ಹಾಕಿತು. ಯುರೋಪಿಯನ್ ಯೂನಿಯನ್ ಇದ್ದ ಶೇ. 10ರ ಮೇಲೆ ಕಂಪನಿ ನೋಡಿ ಶೇ. 35.3ರವರೆಗೆ ಹಾಕಿತು. ನಮ್ಮಲ್ಲಿ ಹೊರಗಿನಿಂದ ಪೂರ್ತಿ ಸಿದ್ಧವಾಗಿ ಬರುವ ಕಾರಿಗೆ ಸುಂಕ ಶೇ. 70ರಿಂದ ಶುರು. 2024ರ ಮಾರ್ಚ್‌ನಲ್ಲಿ ಒಂದು ಸಣ್ಣ ಕಿಟಕಿ ತೆರೆದರು: 4,150 ಕೋಟಿ ರೂಪಾಯಿ ಹಾಕಿ ಮೂರು ವರ್ಷದಲ್ಲಿ ಇಲ್ಲೇ ಕಾರ್ಖಾನೆ ಮಾಡುತ್ತೇನೆ ಅಂದವರು ಕೆಲವು ಕಾರುಗಳನ್ನು ಶೇ. 15ರಲ್ಲಿ ತರಬಹುದು. ಥಾಯ್ಲೆಂಡ್ ಇನ್ನೂ ಚುರುಕು. ಮೊದಲು ತನ್ನಿ, ಸಬ್ಸಿಡಿಯೂ ತಗೊಳ್ಳಿ, ಆದರೆ ತಂದಷ್ಟು ಕಾರು ಆಮೇಲೆ ಇಲ್ಲೇ ಮಾಡಬೇಕು, ತಡ ಮಾಡಿದರೆ ಒಂದಕ್ಕೆ ಒಂದೂವರೆ ಅಂದಿತು. ಇಂಡೋನೇಷ್ಯಾ ತನ್ನ ನಿಕ್ಕಲ್ ಅದಿರನ್ನು ಹೊರಗೆ ಕಳಿಸುವುದನ್ನೇ 2020ರಲ್ಲಿ ನಿಲ್ಲಿಸಿತು, ಬೇಕಾದವರು ಇಲ್ಲಿಗೇ ಬಂದು ಕಾರ್ಖಾನೆ ಹಾಕಿ ಅಂತ.

ಚೀನಾವೂ ಸುಮ್ನೆ ಕೂರಲಿಲ್ಲ. 2025ರ ಏಪ್ರಿಲ್‌ನಲ್ಲಿ ಮೋಟಾರಿಗೆ ಬೇಕಾದ ಅಪರೂಪದ ಲೋಹಗಳ ಅಯಸ್ಕಾಂತಕ್ಕೆ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಅಂಗೈಯಲ್ಲಿ ಹಿಡಿಯುವ ಆ ಸಣ್ಣ ತುಂಡು ಬರದೆ ಇದ್ದರೆ ಇಡೀ ಲೈನ್ ನಿಲ್ಲುತ್ತದೆ.

ಕುಂಬಳೆ ರಿಕ್ಷಾ
ನಾಳೆ ಎಲ್ಲರೂ ಕರೆಂಟಿನ ಗಾಡಿ ತಗೊಂಡರೆ ಸರ್ಕಾರಕ್ಕೆ ಪೆಟ್ರೋಲಿನ ತೆರಿಗೆ ಎಲ್ಲಿಂದ? ಪಿಂಚಣಿಗೆ ಅಂತ ಕೇರಳ 2023ರಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತ್ತು, ನನ್ನ ಅಮ್ಮನಿಗೂ ಪಿಂಚಣಿ ಬರುತ್ತದೆ.

ಮುಳ್ಳೇರಿಯದ ಮಾಷ್ಟ್ರು
ಇಡೀ ಚರ್ಚೆಯಲ್ಲಿ ಇದೇ ಸರಿಯಾದ ಪ್ರಶ್ನೆ. ಹಣಕಾಸು ಮಂತ್ರಿಗಳು ಬಾಯಿ ಬಿಟ್ಟು ಹೇಳದ ಭಯ ಇದು. ಕೇರಳ ದುಬಾರಿ ಎಲೆಕ್ಟ್ರಿಕ್ ಕಾರಿನ ತೆರಿಗೆ ಏರಿಸಿದ್ದೂ, ಕರ್ನಾಟಕ 25 ಲಕ್ಷದ ಮೇಲೆ ಹಾಕಿದ್ದೂ ಈ ಭಯದಿಂದಲೇ ಅಂತ ನನಗೆ ಅನ್ನಿಸುತ್ತದೆ.

ನ್ಯೂಜಿಲೆಂಡ್ 2024ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಸಾವಿರ ಕಿಲೋಮೀಟರಿಗೆ 76 ಡಾಲರ್ ರಸ್ತೆ ಶುಲ್ಕ ಹಾಕಿತು, ಅವರ ಡಾಲರ್. ಸಬ್ಸಿಡಿಯನ್ನು ಅದಕ್ಕೂ ಮೂರು ತಿಂಗಳ ಹಿಂದೆ ನಿಲ್ಲಿಸಿತ್ತು. ಎರಡೂ ಒಟ್ಟಿಗೆ ಬಿದ್ದು ಮಾರಾಟ ಕುಸಿಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಕಿಲೋಮೀಟರ್ ಲೆಕ್ಕದಲ್ಲಿ ತೆರಿಗೆ ಹಾಕಿದ್ದನ್ನು 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಹೈಕೋರ್ಟು (ಆ ದೇಶದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೋರ್ಟು) ರದ್ದು ಮಾಡಿತು. ಅಂಥ ತೆರಿಗೆ ರಾಜ್ಯಕ್ಕಲ್ಲ, ಕೇಂದ್ರಕ್ಕೆ ಸೇರಿದ್ದು ಅಂತ. ನಮ್ಮಲ್ಲೂ ಒಂದು ದಿನ ಈ ಜಗಳ ಬಂದೇ ಬರುತ್ತದೆ, ಯಾಕೆಂದರೆ ಪೆಟ್ರೋಲಿನ ಮೇಲೆ ಕೇಂದ್ರ, ರಾಜ್ಯ ಎರಡೂ ಬದುಕುತ್ತವೆ.

ಇನ್ನೊಂದು ಬದಲಾವಣೆ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಎಲೆಕ್ಟ್ರಿಕ್‌ಗೆ ಜಿಎಸ್‌ಟಿ ಶೇ. 5, 2019ರಿಂದ. ಸಣ್ಣ ಪೆಟ್ರೋಲ್ ಕಾರಿಗೆ ಶೇ. 28 ಮತ್ತು ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ನ ತೆರಿಗೆ ಏರಲಿಲ್ಲ, ಆದರೆ ಎರಡರ ನಡುವಿನ ಅಂತರ ಅರ್ಧದಷ್ಟು ಹೋಯಿತು. ನಾರ್ವೆಯವರು ಮೂವತ್ತು ವರ್ಷ ಕಾಪಾಡಿದ್ದು ಆ ಅಂತರವನ್ನೇ.

ಪೈವಳಿಕೆ ಭಾವ
ನಮ್ಮ ಕರೆಂಟ್ ಮುಕ್ಕಾಲು ಪಾಲು ಕಲ್ಲಿದ್ದಲಿನದ್ದು. ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತು, ಅಷ್ಟೇ ಅಲ್ವಾ?

ಬದಿಯಡ್ಕ ಟು ಬರ್ಗೆನ್
ದೇಶದ ಲೆಕ್ಕ ಹಾಗಿದೆ ಭಾವ. ಆದರೆ ನಿಮ್ಮ ಪೈವಳಿಕೆಯಲ್ಲೇ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಅಂಬಲತ್ತರದಲ್ಲಿ ಇನ್ನೊಂದು. ಹಗಲಿನ ಕರೆಂಟ್ ಹಗಲಲ್ಲೇ ಖರ್ಚಾಗಲಿ ಅಂತ ಕೇರಳ ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಸಂಜೆ ನಾಲ್ಕರವರೆಗೆ ದರ ಕಡಿಮೆ ಇಟ್ಟು ಆಮೇಲೆ ಏರಿಸುತ್ತದೆ. ಕೇರಳದ ನೀತಿಯಲ್ಲಿ ನನಗೆ ಇಷ್ಟ ಆದದ್ದು ಇದೊಂದೇ.

ಪೈವಳಿಕೆ ಭಾವ
ಆ ಸೋಲಾರ್ ಪಾರ್ಕ್ ನಮ್ಮ ಮನೆಯಿಂದ ಕಾಣುತ್ತದೆ. ಕರೆಂಟ್ ಮಾತ್ರ ಮಳೆಗೆ ಹೋಗುತ್ತಲೇ ಇರುತ್ತದೆ!

ಉಪ್ಪಳದವ
ಎಲ್ಲರಿಗೂ ಧನ್ಯವಾದ. ನನ್ನ ಸಣ್ಣ ಪ್ರಶ್ನೆ ಉಳಿದೇ ಹೋಯಿತು. ಮಂಗಳೂರಿನ ನೋಂದಣಿ?

ಮುಳ್ಳೇರಿಯದ ಮಾಷ್ಟ್ರು
ಮೋಟಾರು ವಾಹನ ಕಾಯ್ದೆಯ 40ನೇ ಕಲಂ ಪ್ರಕಾರ ನಿಮ್ಮ ಮನೆ ಅಥವಾ ವ್ಯವಹಾರದ ಜಾಗ ಇದ್ದು ಗಾಡಿ ಮಾಮೂಲಾಗಿ ಇಡುವ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕು. ಮನೆ ಉಪ್ಪಳದಲ್ಲಿ, ಗಾಡಿ ರಾತ್ರಿ ನಿಲ್ಲುವುದೂ ಅಲ್ಲೇ. ಇನ್ನು 47ನೇ ಕಲಂ, ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳು ಮೀರಿ ಇದ್ದರೆ ಇಲ್ಲಿಯ ನಂಬರ್ ಮಾಡಿಸಲೇಬೇಕು. ಆಗ ಇಲ್ಲಿಯ ತೆರಿಗೆಯೂ ಬರುತ್ತದೆ. 15 ಲಕ್ಷದ ಒಳಗಿನ ಕಾರಾದರೆ ಶೇ. 5. ಅದಕ್ಕೋಸ್ಕರ ಸುಳ್ಳು ವಿಳಾಸ ಕೊಟ್ಟು ಆಮೇಲೆ ಓಡಾಡುವುದು ಬೇಡ.

ಉಪ್ಪಳದವ
ಹಾಗಾದರೆ ಕಾಸರಗೋಡಿನಲ್ಲೇ ಮಾಡಿಸುತ್ತೇನೆ ಮಾಷ್ಟ್ರೇ. 15ರ ಒಳಗಿನದ್ದೇ ನೋಡುವುದು.

ಕುಂಬಳೆ ರಿಕ್ಷಾ
ಅಣ್ಣ, ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ತಿಂಗ್ ನೋಡಿಸಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ಅರ್ತಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ನಿಲ್ಲುತ್ತದೆ, ಕಂಪನಿಯವರು ಬಂದು ನಿಮ್ಮ ಮನೆಯ ವಯರಿಂಗ್ ಸರಿ ಇಲ್ಲ ಅಂತ ಬರೆದು ಹೋಗುತ್ತಾರೆ.